ನಲವತ್ತೊಂದು

ಕೋಣೆಗೆ ಒಲೆಯಿರಲಿಲ್ಲ, ಮೊದಲ ಕಾರಣ ಅದು.
ಸಿದ್ಧಾಂತ ಆಮೇಲೆ ಬಂತು.
ಇದನ್ನು ಯಾರಿಗೂ ಹೇಳಿಲ್ಲ.

ಬಿಸಿನೀರ ಬುಗ್ಗೆಗಳಿಂದ ಹೆಸರು ಪಡೆದ ಊರು, ಕಾಲ್ದಸ್.
ಮೂರನೇ ಮಹಡಿ. ಗ್ಯಾಸಿಗೆ ಬೇರೆ ದುಡ್ಡು ಎಂದಳು ಮನೆಯೊಡತಿ.
ಬೇಡ, ನಾನು ಹಸಿಯದನ್ನೇ ತಿನ್ನುವವಳು ಅಂದುಬಿಟ್ಟೆ.
ಅಂದ ಮೇಲೆ ತಿನ್ನಬೇಕಾಯಿತು.

ಇವತ್ತಿಗೆ ಅರವತ್ತಮೂರು ದಿನ.
ಬೆಳಗಿನ ಆರೂವರೆಗೆ ಹಣ್ಣಿನ ಚೌಕ,
ಛತ್ರಿ ಬಿಚ್ಚುತ್ತಿರುವ ಎರ್ಮೆಲಿಂದಾ ಅಜ್ಜಿ.
ಮನೇಲಿ ಮೊಲ ಸಾಕಿದ್ದೀಯಾ, ಬೆನೆದೀತಾ?
ಹೂಂ.
ಎಷ್ಟು?
ಒಂದೇ.
ಅದಕ್ಕೆ ಪರೀಕ್ಷೆ ಯಾವಾಗ?
ಎರಡು ಕ್ಯಾರೆಟ್ ಹೆಚ್ಚಿಗೆ ಹಾಕುತ್ತಾಳೆ,
ಲೆಕ್ಕಕ್ಕೆ ಹಿಡಿಯದೆ.

ಉಪನ್ಯಾಸದ ನಡುವೆ ಕ್ಯಾರೆಟ್ ಕಚ್ಚಿ ನೋಡಿ,
ಕತ್ತಲ ಕೋಣೆಯಲ್ಲಿ ಇಡೀ ಹದಿನೇಳನೇ ಶತಮಾನ
ತಿರುಗಿ ನಿಮ್ಮನ್ನೇ ನೋಡುತ್ತದೆ.
ಹಾಗಾಗಿ ಕ್ಲಾಸಿಗೆ ಖರ್ಜೂರ, ಬಾಳೆಹಣ್ಣು,
ಸದ್ದಿಲ್ಲದವು.
ಕಿಟಕಿಯಲ್ಲಿ ಒದ್ದೆ ಬಟ್ಟೆಯೊಳಗೆ ಮೊಳೆಯುವ ಕಾಳು;
ಮೊಳಕೆಗೆ ದಿನಕ್ಕೆರಡು ಸಲ ನೀರು,
ಅಮ್ಮನಿಗೆ ವಾರಕ್ಕೊಂದು ಸಲ ಫೋನು.

ಆ ತುದಿಯಲ್ಲಿ ಕಡಲೂರು ಪೆನೀಶ್, ಬಾಣಲೆ,
ಎಣ್ಣೆಗೆ ಮೀನು ಬಿದ್ದ ಚೊಯ್ಯೆನ್ನುವ ಸದ್ದು.
ಏನು ತಿಂದೆ ಅಂತ ಈಗ ಕೇಳುವುದಿಲ್ಲ ಅವಳು,
ತಿಂದೆಯಾ, ಅಂತ ಮಾತ್ರ.
ಒಂದು ರಾತ್ರಿ ಕನಸಿನಲ್ಲಿ ಹುರಿದ ಮೊಟ್ಟೆ ಬಂತು,
ಅಂಚೆಲ್ಲ ಗರಿಗರಿ.
ಎದ್ದು, ದೀಪ ಹಾಕಿ, ನೋಟ್‌ಬುಕ್ಕಿನಲ್ಲಿ ಬರೆದೆ:
ತಿಂದಿಲ್ಲ.

ಹಗಲೆಲ್ಲ ನನ್ನ ಕೆಲಸವೇ ಬೇಯಿಸುವುದು,
ಮಣ್ಣನ್ನು.
ಹಸಿಮಣ್ಣನ್ನು ನಂಬಬೇಡಿ ಎನ್ನುತ್ತಾರೆ ಗ್ರಾಸಿಯಾನು ಮೇಷ್ಟ್ರು,
ಬಟ್ಟಲಂತೆಯೇ ಇರುತ್ತದೆ, ಬಟ್ಟಲಿನ ಹೆಮ್ಮೆಯೂ ಇರುತ್ತದೆ,
ನೀರು ಸುರಿದರೆ ಅರ್ಧ ಗಂಟೆಗೆ ಕೆಸರು.
ಹೇಳುತ್ತ ನನ್ನ ಡಬ್ಬಿಯ ಕಡೆ ನೋಡಿದರೇನು?
ಇಲ್ಲ ಅನಿಸುತ್ತದೆ. ಹಸಿದಾಗ
ಎಲ್ಲ ಮಾತೂ ನನ್ನ ಬಗ್ಗೆಯೇ.

ಡಿಸೆಂಬರಿನ ಕೊನೇ ಸುಡುವಿಕೆ.
ಗೂಡು ಸಾವಿರದ ಇನ್ನೂರ ನಲವತ್ತಕ್ಕೆ ಏರಬೇಕು,
ರಾತ್ರಿಯಿಡೀ ಅರ್ಧ ಗಂಟೆಗೊಮ್ಮೆ ನೋಡಬೇಕು,
ನಾನು ಮತ್ತು ತೆಲ್ಮು.
ಅವನು ಆಲೂಗಡ್ಡೆಗೆ ತಗಡು ಸುತ್ತಿ
ಬಿಸಿ ಇಟ್ಟಿಗೆಯ ಮೇಲಿಟ್ಟ. ಉಪ್ಪು, ಬೆಳ್ಳುಳ್ಳಿ.
ಆ ವಾಸನೆಗೆ ಕಾಲಿತ್ತು, ಕೈಯಿತ್ತು,
ನನ್ನ ಕೋಟಿನ ಗುಂಡಿ ಬಿಚ್ಚುವಷ್ಟು ಸಲುಗೆಯಿತ್ತು.
ನಾನು ಎಲೆಕೋಸು ಅಗಿದೆ.
ಎಲೆಕೋಸನ್ನು ತುಂಬ ಹೊತ್ತು ಅಗಿಯಬೇಕು,
ಅದೊಂದು ಅನುಕೂಲ, ಮಾತಾಡಬೇಕಿಲ್ಲ.

ಮೂರು ಗಂಟೆಗೆ ನೆನಪಾಯಿತು,
ಸಂಜೆ ಗೂಡಿನ ಅಂಚಿನಲ್ಲಿ ಮರೆತಿಟ್ಟ ದಿಯೋಸ್ಪಿರು ಹಣ್ಣು.
ಸಿಪ್ಪೆ ಬಿರಿದು, ಒಳಗಿನದು ಜೇನಾಗಿ ಇಳಿಯುತ್ತಿತ್ತು.
ಮುಟ್ಟಿದೆ. ಯಾರದೋ ಅಂಗೈಯಷ್ಟು ಬೆಚ್ಚಗೆ.

ನಲವತ್ತೆರಡು ಡಿಗ್ರಿ ದಾಟಿದರೆ ಹಸಿಯಲ್ಲ,
ಇದು ನನ್ನ ನಿಯಮ.
ತೆಲ್ಮು ನಗಲಿಲ್ಲ.
ಮೇಣ ಕರಗಿಸುವ ಥರ್ಮಾಮೀಟರು ತೊಳೆದು ತಂದ,
ಹಣ್ಣಿನೊಳಗೆ ಮೆಲ್ಲನೆ ಇಳಿಸಿದ, ಜ್ವರ ನೋಡುವ ಹಾಗೆ,
ಮುಖವನ್ನು ತನ್ನ ಕಡೆಗೇ ಹಿಡಿದು ಓದಿದ:
ನಲವತ್ತೊಂದು.

ತುಸು ಬೇಗ ಹೇಳಿದ.
ತೋರಿಸು ಅಂತ ನಾನು ಕೇಳಲಿಲ್ಲ.

ಗೋಡೆಗೆ ಒರಗಿ, ಬೆರಳು ನೆಕ್ಕುತ್ತ ತಿಂದೆ,
ಅರವತ್ತಮೂರು ದಿನಗಳ ಬಾಯಿಂದ.
ಅವನು ಆಲೂಗಡ್ಡೆ ಬಿಡಿಸಿದ, ಆವಿ ಎದ್ದಿತು.
ನೋಟ್‌ಬುಕ್ಕಿನಲ್ಲಿ ಗೂಡಿನ ಉಷ್ಣತೆ ಬರೆದೆ,
ಹಣ್ಣಿನದು ಬರೆಯಲಿಲ್ಲ.

ಎರಡು ದಿನ ಆರಿದ ಮೇಲೆ ಗೂಡು ತೆರೆದರು.
ಏಳು ಬಟ್ಟಲಲ್ಲಿ ಎರಡು ಸೀಳಿದ್ದವು, ಒಂದು ವಾರೆ.
ಒಳ್ಳೆಯದೊಂದನ್ನು ಬೆರಳ ಗೆಣ್ಣಿನಿಂದ ಬಡಿದೆ, ಕಂಚಿನಂತೆ ಉಲಿಯಿತು.
ಇಬ್ಬರ ಪಾಲಿನ ಬೆಂಕಿಯನ್ನೂ ಇದೊಂದೇ ಉಂಡಿದೆ ಅನಿಸಿ
ಎದೆಗವಚಿಕೊಂಡು ಮನೆಗೆ ತಂದೆ, ಇದರಲ್ಲೇ
ರಾತ್ರಿ ಬಾದಾಮಿ ನೆನೆಹಾಕಬೇಕೆಂದು.

ಮರೆತೆ.
ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ,
ಜೇಬಿನಲ್ಲಿ ಕಲ್ಲಿನಂಥ ಹದಿಮೂರು ಬಾದಾಮಿ.
ಮೊದಲ ಪ್ರಶ್ನೆಗೆ ಒಂದನ್ನು ಕಚ್ಚಿದೆ.
ಎಲ್ಲರೂ ತಿರುಗಿ ನೋಡಿದರು.